ಕಣದ ಕ್ಯಾಮೆರಾಕ್ಕೆ ಮನೆಯಿಂದ ದಾರಿ

ಕಾಫಿ ಕಣದಲ್ಲಿ ಒಣಗುವಷ್ಟು ದಿನ ರಾತ್ರಿ ಕಾವಲು ಬೇಕೇ ಬೇಕು. ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದ ಗೋದಾಮಿಗೆ ಕ್ಯಾಮೆರಾ ಹಾಕಿಸಿದ್ದು ಅದಕ್ಕೇ. ಮನೆಯಲ್ಲಿ ಹೋಂಸ್ಟೇ ಇರುವುದರಿಂದ ವೈಫೈ ಪಾಸ್‌ವರ್ಡ್ ಬಂದು ಹೋಗುವವರಿಗೆಲ್ಲ ಗೊತ್ತು. ಅವರ ಮೊಬೈಲ್‌ಗಳಿರುವ ನೆಟ್‌ವರ್ಕಿನಲ್ಲೇ ಕ್ಯಾಮೆರಾ ಇರುವುದು ನನಗೆ ಬೇಡವಿತ್ತು. ಹಾಗಾಗಿ ಗೋದಾಮಿಗೆ ಬೇರೆ ರೂಟರ್, ಬೇರೆ ನೆಟ್‌ವರ್ಕ್. (ವೈಫೈ ಸ್ವಲ್ಪ ದೂರಕ್ಕೆ ಸಿಕ್ಕರೆ ಸಾಕು ಅನ್ನುವವರು ಎರಡನೇ ರೂಟರನ್ನು ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ ಸುಮ್ಮನಾಗಿ. ಈ ತಲೆಬಿಸಿ ನಿಮಗೆ ಬೇಡ.)

ಈಥರ್‌ನೆಟ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ಗೋದಾಮು ಅಷ್ಟು ದೂರವೂ ಇಲ್ಲ. ಆದರೂ ಫೈಬರ್ ಎಳೆಸಿ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಈಥರ್‌ನೆಟ್‌ಗೆ ಬದಲಿಸುವ ಪೆಟ್ಟಿಗೆ) ಹಾಕಿದೆ. ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆ ಮಳೆ) ಹೊತ್ತಿನ ಸಿಡಿಲು ತಾಮ್ರದ ತಂತಿ ಹಿಡಿದು ಬಂದರೆ ಎರಡೂ ಕಡೆಯ ಪೆಟ್ಟಿಗೆ ಸುಟ್ಟುಹೋಗುತ್ತವೆ. ಗಾಜಿನ ಎಳೆಗೆ ಆ ಭಯವಿಲ್ಲ.

ಮನೆ ರೂಟರಿನ ವಿಳಾಸ 192.168.1.1. ಹೊಸದೂ ಅದೇ ವಿಳಾಸ ಹೊತ್ತು ಬಂದಿತ್ತು. ಒಳಗೂ ಹೊರಗೂ ಒಂದೇ ನೆಟ್‌ವರ್ಕ್ ಆದರೆ ರೂಟರಿಗೆ ದಿಕ್ಕು ತಪ್ಪುತ್ತದೆ. ಅದಕ್ಕೆ ಗೋದಾಮು ರೂಟರಿನ ಲ್ಯಾನ್ (ಒಳಬದಿ) ವಿಳಾಸವನ್ನು 192.168.2.1 ಮಾಡಿ, ವ್ಯಾನ್ ಕಡೆಗೆ, ಅಂದರೆ ಮನೆಯತ್ತ ಇರುವ ಹೊರಬದಿಗೆ, 192.168.1.2 ಅಂತ ಖಾಯಂ ಕೊಟ್ಟೆ. ಕ್ಯಾಮೆರಾ 192.168.2.10.

ಗೋದಾಮಿನಲ್ಲಿ ಇಂಟರ್ನೆಟ್ ಕೂಡಲೇ ಬಂತು. ಮನೆಯಿಂದ ಕ್ಯಾಮೆರಾ ಮಾತ್ರ ಕಾಣಲೊಲ್ಲದು. ಟ್ರೇಸ್‌ರೂಟ್ (ದಾರಿಯಲ್ಲಿ ಸಿಗುವ ರೂಟರುಗಳನ್ನು ಸಾಲಾಗಿ ತೋರಿಸುವ ಆಜ್ಞೆ) ಹಾಕಿದರೆ ಮೊದಲ ಸಾಲಿನಲ್ಲಿ 192.168.1.1, ಆಮೇಲೆ ಇಂಟರ್ನೆಟ್ ಕಂಪನಿಯ ವಿಳಾಸ, ಅಲ್ಲಿಂದ ಕೆಳಗೆ ಬರೀ ನಕ್ಷತ್ರ, ಅಂದರೆ ಉತ್ತರವಿಲ್ಲ. ಮನೆ ರೂಟರಿಗೆ 192.168.2 ಅಂದರೆ ಎಲ್ಲಿ ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಅದು ಡಿಫಾಲ್ಟ್ ರೂಟ್ ಹಿಡಿದು ಹೊರಗೆ ತಳ್ಳುತ್ತದೆ. ತೋಟದೊಳಗಿನ ಮನೆ ಕೇಳಿದವರನ್ನು ಮಡಿಕೇರಿ ಬಸ್ಸು ಹತ್ತಿಸಿದ ಹಾಗೆ.

ಮನೆ ರೂಟರಿನ ಅಡ್ವಾನ್ಸ್‌ಡ್ ಪುಟದಲ್ಲಿ ಸ್ಟ್ಯಾಟಿಕ್ ರೂಟಿಂಗ್ ಇರುತ್ತದೆ, ಯಾವ ನೆಟ್‌ವರ್ಕಿಗೆ ಯಾವ ದಾರಿ ಅಂತ ನಾವೇ ಬರೆದುಕೊಡುವ ಜಾಗ. ಅಲ್ಲಿ ಹೀಗೆ ತುಂಬಿದೆ: ಡೆಸ್ಟಿನೇಶನ್ 192.168.2.0, ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಅನ್ನುವ ಗುರುತು) 255.255.255.0, ಗೇಟ್‌ವೇ 192.168.1.2, ಇಂಟರ್‌ಫೇಸ್ ಲ್ಯಾನ್. ಡೆಸ್ಟಿನೇಶನ್ ಕೊನೆಯಲ್ಲಿ ಸೊನ್ನೆಯೇ ಇರಬೇಕು, ಯಾಕೆಂದರೆ ದಾರಿ ಇಡೀ ನೆಟ್‌ವರ್ಕಿಗೆ, ಕ್ಯಾಮೆರಾ ಒಂದಕ್ಕಲ್ಲ. ಗೇಟ್‌ವೇ ಜಾಗದಲ್ಲಿ ಗೋದಾಮು ರೂಟರಿನ ಮನೆ ಕಡೆಯ ಮುಖ ಬರಬೇಕು. 192.168.2.1 ಕೊಟ್ಟರೆ ನಡೆಯುವುದಿಲ್ಲ, ಅಲ್ಲಿಗೆ ಹೋಗಲು ದಾರಿ ಗೊತ್ತಿಲ್ಲವೆಂದೇ ತಾನೇ ಇಷ್ಟೆಲ್ಲ?

ಈಗ ಟ್ರೇಸ್‌ರೂಟ್ 192.168.1.2ರ ಬಾಗಿಲಿಗೆ ಬಂದು ನಿಂತಿತು. ವ್ಯಾನ್ ಕಡೆಯಿಂದ ಬಂದದ್ದನ್ನು ಗೋದಾಮು ರೂಟರಿನ ಕಾವಲುಗಾರ ಫೈರ್‌ವಾಲ್ ಒಳಗೆ ಬಿಡುವುದಿಲ್ಲ. ಹಲವರು ಗೋದಾಮು ರೂಟರಿನ ನ್ಯಾಟ್ (ಒಳಗಿನ ವಿಳಾಸಗಳನ್ನೆಲ್ಲ ರೂಟರಿನ ಒಂದೇ ವಿಳಾಸವಾಗಿ ಬದಲಿಸಿ ಹೊರಗೆ ಕಳಿಸುವ ವ್ಯವಸ್ಥೆ) ತೆಗೆದುಬಿಡಿ ಅನ್ನುತ್ತಾರೆ. ತೆಗೆದು ನೋಡಿದೆ, ಗೋದಾಮಿನ ಇಂಟರ್ನೆಟ್ಟೇ ನಿಂತಿತು. ಮನೆ ರೂಟರ್ ತನ್ನ ಲ್ಯಾನ್ ಬಿಟ್ಟು ಬೇರೆ ನೆಟ್‌ವರ್ಕಿಗೆ ನ್ಯಾಟ್ ಮಾಡದ ಜಾತಿಯದು. ಹಾಗಾಗಿ ನ್ಯಾಟ್ ಮತ್ತೆ ಹಾಕಿ, ಗೋದಾಮು ರೂಟರನ್ನು ನಡೆಸುವ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶದ ಫೈರ್‌ವಾಲಿನಲ್ಲಿ ಒಂದು ನಿಯಮ ಬರೆದೆ: ವ್ಯಾನ್‌ನಿಂದ ಲ್ಯಾನ್‌ಗೆ 192.168.1.20 ಮಾತ್ರ ಬರಬಹುದು. ಅದು ಮನೆ ನೆಟ್‌ವರ್ಕಿನಲ್ಲಿರುವ ಆಫೀಸಿನ ಕಂಪ್ಯೂಟರಿಗೆ ಕೈಯಾರೆ ಕೊಟ್ಟ ವಿಳಾಸ. ಅತಿಥಿಗಳ ಮೊಬೈಲಿಗೆ ಬಾಗಿಲು ಮುಚ್ಚಿಯೇ ಇದೆ. ಬೇಕೆಂದೇ ಆ ವಿಳಾಸ ಹಾಕಿಕೊಂಡು ನುಗ್ಗುವವರನ್ನು ಇದು ತಡೆಯದು, ಆದ್ದರಿಂದ ಕ್ಯಾಮೆರಾದ ಕಾರ್ಖಾನೆ ಪಾಸ್‌ವರ್ಡನ್ನೂ ಬದಲಾಯಿಸಿದೆ.

“ಸಾರ್, ಕಣ ಚೆನ್ನಾಗಿ ಕಾಣ್ತಿದೆ, ಟಾರ್ಪಾಲು ಒಂದು ಮೂಲೆ ಎದ್ದಿದೆ ನೋಡಿ” ಅಂದರು ತೋಟದ ಲೆಕ್ಕ ನೋಡುವ ರೈಟರ್, ಆಫೀಸಿನಲ್ಲಿ ಕೂತೇ.

ಕಂಪನಿಯವರು ಮನೆಯ ಫೈಬರ್ ಪೆಟ್ಟಿಗೆ ಬದಲಾಯಿಸಿದರೆ ಸ್ಟ್ಯಾಟಿಕ್ ರೂಟ್ ಅದರ ಜೊತೆಗೇ ಹೋಗುತ್ತದೆ. ಮಳೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಈ ಸಂಖ್ಯೆಗಳನ್ನು ಬರೆದಿಟ್ಟಿದ್ದೇನೆ. ನಾನು ಊರಲ್ಲಿಲ್ಲದಿದ್ದರೂ ರೈಟರ್ ನೋಡಿ ತುಂಬಬಹುದು.