ಗುಲಾಬಿಯ ಅಂಗಾಂಶ ಕೃಷಿ: ಮಲೆನಾಡಿನಲ್ಲಿ ಬೂಸ್ಟು ತಡೆಯುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ನೆನೆದ ಗುಲಾಬಿ ಗಿಡದಿಂದ ಅಂಗಾಂಶ ಕೃಷಿಗೆ (ಗಿಡದ ತುಂಡನ್ನು ಬಾಟಲಿಯಲ್ಲಿ ಬೆಳೆಸಿ ಹೊಸ ಗಿಡ ಮಾಡುವುದಕ್ಕೆ) ಕಡ್ಡಿ ತರಬೇಡಿ. ಎಷ್ಟು ತೊಳೆದರೂ ಬೂಸ್ಟು ಬಂದೇ ಬರುತ್ತದೆ. ತಾಯಿಗಿಡವನ್ನು ಕುಂಡದಲ್ಲಿಟ್ಟು ಮೂರು-ನಾಲ್ಕು ವಾರ ಸೂರಿನಡಿ ಬೆಳೆಸಿ. ನೀರು ಬುಡಕ್ಕೆ ಮಾತ್ರ, ಎಲೆ ನೆನೆಯಬಾರದು. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಹೂ ಬಿಟ್ಟ ಟಿಸಿಲಿನ ನಡುಭಾಗದ ಗೆಣ್ಣುಗಳನ್ನೇ ಆರಿಸಿ. ತುದಿ ತೀರಾ ಎಳಸು, ಬ್ಲೀಚಿಗೆ ಸುಟ್ಟುಹೋಗುತ್ತದೆ. ಎಲೆ, ಮುಳ್ಳು ತೆಗೆದು ಸೋಪಿನ ನೀರಲ್ಲಿ ತೊಳೆದು, ನಲ್ಲಿಯಡಿ ಅರ್ಧ ಗಂಟೆ ಬಿಡಿ. ಮುಂದಿನದೆಲ್ಲ ಲ್ಯಾಮಿನಾರ್ ಫ್ಲೋ (ಸೋಸಿದ ಶುದ್ಧ ಗಾಳಿ ಬೀಸುವ ಪೆಟ್ಟಿಗೆ) ಒಳಗೆ: ಶೇ 70ರ ಆಲ್ಕೋಹಾಲಿನಲ್ಲಿ 30 ಸೆಕೆಂಡು, ಶೇ 1ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ, ಅಂದರೆ ಬ್ಲೀಚಿನಲ್ಲಿ, 10–15 ನಿಮಿಷ, ಬಳಿಕ ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ) ನೀರಲ್ಲಿ ಮೂರು ಸಲ ಜಾಲಿಸಿ. ಬ್ಲೀಚ್ ಶೇ 4ರದ್ದಾದರೆ ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಬೇಕು. ಮರ್ಕ್ಯುರಿಕ್ ಕ್ಲೋರೈಡ್ ಇನ್ನೂ ಚುರುಕು, ಆದರೆ ಘೋರ ವಿಷ. ತರಬೇತಿ ಇಲ್ಲದವರು ಮುಟ್ಟಲೇಬಾರದು. ಬಿಳುಚಿದ ತುದಿ ಕತ್ತರಿಸಿ, ಒಂದೊಂದು ಕಣ್ಣಿರುವ 1–1.5 ಸೆಂ.ಮೀ. ತುಂಡು ಮಾಡಿ ಬಾಟಲಿಯ ಮಾಧ್ಯಮದಲ್ಲಿ ನೆಡಿ.

ಒಂದು ಲೀಟರ್ ಎಂಎಸ್ ಮಾಧ್ಯಮಕ್ಕೆ (ಮುರಾಶಿಗೆ-ಸ್ಕೂಗ್ ಎಂಬ ಪೋಷಕಾಂಶ ಮಿಶ್ರಣ) ಸಕ್ಕರೆ 30 ಗ್ರಾಂ, ಚಿಗುರೊಡೆಸುವ ಹಾರ್ಮೋನು ಬಿಎಪಿ 1 ಮಿ.ಗ್ರಾಂ. ಪಿಎಚ್ (ಆಮ್ಲೀಯತೆಯ ಅಳತೆ) 5.8ಕ್ಕೆ ತಂದ ಮೇಲೆ, ಮಾಧ್ಯಮ ಗಟ್ಟಿಯಾಗಿಸುವ ಅಗರ್ 8 ಗ್ರಾಂ ಹಾಕಿ. ಪಿಎಚ್ 5ಕ್ಕಿಂತ ಇಳಿದಿದ್ದರೆ ಅಗರ್ ಸರಿಯಾಗಿ ಗಟ್ಟಿಯಾಗದು. 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ. ನೆಟ್ಟ ಬಾಟಲಿಗಳಿಗೆ 25 ಡಿಗ್ರಿ ಸೆಲ್ಸಿಯಸ್, ದಿನಕ್ಕೆ 16 ಗಂಟೆ ಬೆಳಕು ಸಾಕು.

ಮೊದಲ ವಾರ ದಿನವೂ ನೋಡಿ. ಅಗರಿನ ಮೇಲೆ ಹತ್ತಿಯಂಥ ಎಳೆ ಕಂಡರೆ ಬೂಸ್ಟು. ಕತ್ತರಿಸಿದ ಬುಡದ ಸುತ್ತ ಹಾಲಿನಂತೆ ಮಬ್ಬು ಹರಡಿದರೆ ಬ್ಯಾಕ್ಟೀರಿಯಾ. ಅದು ಹೆಚ್ಚಾಗಿ ಕಡ್ಡಿಯ ಒಳಗಿಂದಲೇ ಬರುತ್ತದೆ. ಅಂಥ ಬಾಟಲಿಯ ಮುಚ್ಚಳ ತೆರೆಯದೆ ಮೊದಲು ಆಟೋಕ್ಲೇವಿಗೆ ಹಾಕಿ, ಆಮೇಲೆ ತೊಳೆಯಿರಿ. ಬುಡದ ಸುತ್ತ ಕಂದು ಬಣ್ಣ ಇಳಿದಿದ್ದರೆ ಗಾಯದ ರಸ ಅಷ್ಟೇ. ಎರಡು-ಮೂರು ದಿನಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ಬದಲಿಸಿ. ಚಿಗುರು ಗಾಜಿನಂತೆ ಪಾರದರ್ಶಕವಾಗಿ ಉಬ್ಬಿದರೆ ಬಿಎಪಿ ಇಳಿಸಿ, ಅಗರ್ ಏರಿಸಿ.

ನಾಲ್ಕು ವಾರಕ್ಕೊಮ್ಮೆ ಚಿಗುರು ಬಿಡಿಸಿ ಮರುನಾಟಿ ಮಾಡುತ್ತ ಹೋಗಿ. 2 ಸೆಂ.ಮೀ. ಆದವನ್ನು ಬೇರಿಗಾಗಿ ಅರ್ಧ ಸಾಂದ್ರತೆಯ ಎಂಎಸ್‌ಗೆ, ಲೀಟರಿಗೆ 0.5 ಮಿ.ಗ್ರಾಂ ಐಬಿಎ (ಬೇರು ಬರಿಸುವ ಹಾರ್ಮೋನು) ಸೇರಿಸಿ, ವರ್ಗಾಯಿಸಿ.

ಬಾಟಲಿಯಿಂದ ಹೊರತೆಗೆದಾಗಲೇ ಹೆಚ್ಚು ಗಿಡ ಸಾಯುವುದು. ಒಳಗೆ ಬೆಳೆದ ಎಲೆಗೆ ಮೇಣದ ಪದರ ತೆಳು, ಪತ್ರರಂಧ್ರಗಳೂ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ನೀರು ಆರಿ ತಾಸಿನೊಳಗೆ ಬಾಡುತ್ತವೆ. ಬೇರಿಗಂಟಿದ ಅಗರನ್ನು ಉಗುರುಬೆಚ್ಚಗಿನ ನೀರಲ್ಲಿ ಪೂರ್ತಿ ತೊಳೆಯಿರಿ, ಉಳಿದ ಸಕ್ಕರೆಗೆ ಬೂಸ್ಟು ಹಿಡಿಯುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) ಸಮಪಾಲಿನಲ್ಲಿ ನೆಟ್ಟು ಪ್ಲಾಸ್ಟಿಕ್ ಲೋಟ ಬೋರಲು ಹಾಕಿ. ಒಂದು ವಾರದ ಬಳಿಕ ದಿನಕ್ಕೆ ಒಂದು ಗಂಟೆ ತೆಗೆಯಿರಿ, ಮೆಲ್ಲಗೆ ಹೆಚ್ಚಿಸಿ. ಕಡೂರು, ಅರಸೀಕೆರೆಯ ಒಣಗಾಳಿಯಲ್ಲಿ ಈ ಹಂತಕ್ಕೆ ಇನ್ನೊಂದು ವಾರ ಹೆಚ್ಚು ಕೊಡಿ.