ಮಂಗ ಸತ್ತಿದ್ದು ಕಂಡರೆ ಮೊದಲು ಫೋನ್ ಮಾಡಿ

ಕೊಪ್ಪ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ ನಾನು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಕಡೆಯೂ ಇದೆ. ಡಿಸೆಂಬರ್‌ನಿಂದ ಮೇ ತನಕ ನನಗೆ ಸಮಾಧಾನವೇ ಇರಲ್ಲ.

ತೋಟದಲ್ಲೋ ಕಾಡಲ್ಲೋ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹೂಳೋಕೂ ಹೋಗಬೇಡಿ. ಈ ಕಾಯಿಲೆ ಹರಡೋ ಉಣುಗುಗಳು (ಉಣ್ಣೆ) ಸತ್ತ ಮೈಬಿಟ್ಟು ಸುತ್ತಲಿನ ದರಗಿಗೆ, ಅಂದರೆ ಉದುರಿದ ಒಣ ಎಲೆಗೆ, ಇಳಿದಿರುತ್ತವೆ. ದೂರ ನಿಂತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಯವರಿಗೋ ನಿಮ್ಮೂರ ಆಶಾಗೋ ಫೋನ್ ಮಾಡಿ. ಯಾರ ತೋಟ, ಯಾವ ಹಳ್ಳದ ಪಕ್ಕ, ಯಾವತ್ತು ಕಂಡಿದ್ದು, ಇಷ್ಟು ಹೇಳಿ. ಆ ಕಡೆ ದನ ಬಿಡಬೇಡಿ. ಯಾರಿಗೆ ಹೇಳೋದು ಗೊತ್ತಾಗದಿದ್ದರೆ ಆರೋಗ್ಯ ಸಹಾಯವಾಣಿ 104 ಇದೆ.

ಜ್ವರವನ್ನಂತೂ ಮುಚ್ಚಿಡಲೇಬೇಡಿ. ಒಬ್ಬ ಅಕ್ಕ ದರಗು ಗುಡಿಸಿ ಬಂದ ನಾಲ್ಕನೇ ದಿನ ಮಲಗಿದ್ದರು. "ಬರೀ ಮೈಕೈ ನೋವು ಮಾರಾಯ್ತಿ, ಮಾತ್ರೆ ನುಂಗಿದೀನಿ" ಅಂದರು. ಮೊಣಕಾಲ ಹಿಂದೆ ನೋಡಿದರೆ ಸಾಸಿವೆಗಿಂತ ಚಿಕ್ಕ ಉಣುಗು ಕಚ್ಚಿಕೊಂಡೇ ಇತ್ತು. ಅವತ್ತೇ ರಕ್ತದ ಮಾದರಿ ಕಳಿಸಿದೆವು.

ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಹೇಳೋಕೆ ಅಂಜಿಕೆ ಬೇಡ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಯೆಲ್ಲ ನೋವು ಬಂದರೆ ಡಾಕ್ಟರ ಹತ್ತಿರ "ಕಾಡಿಗೆ ಹೋಗಿದ್ದೆ" ಅನ್ನೋದನ್ನೇ ಮೊದಲು ಹೇಳಿ.