ಸರಕು ಜಾರಿದರೆ ವಿಮಾನ ಬೀಳುವುದೇಕೆ? ಒಂದು ಹಾಳೆಯಲ್ಲಿ ಮಾಡಿ ನೋಡಿ

ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಬಂದ ಮೇಲೆ ಚಿತ್ರದುರ್ಗದ ಮಕ್ಕಳಿಗೆ ವಿಮಾನ ಎಲ್ಲೋ ದೂರದ್ದಾಗಿ ಉಳಿದಿಲ್ಲ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ನೌಕೆ ತಾನಾಗಿಯೇ ಬಂದು ಇಳಿದದ್ದೂ ಅಲ್ಲಿಯೇ. ವಿಮಾನ ಹೇಗೆ ಹಾರುತ್ತದೆ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾಕೆ ಬೀಳುತ್ತದೆ ಅನ್ನುವುದನ್ನೂ ಹೇಳಿಕೊಡಬೇಕು, ಅದರಲ್ಲಿ ಕಲಿಯುವುದು ಜಾಸ್ತಿ.

ಒಂದು ಎ4 ಹಾಳೆ, ಜ್ಯೂಸ್ ಕುಡಿಯುವ ಸ್ಟ್ರಾ, ಟೇಪ್, ಚೂರು ಹತ್ತಿ ತಗೊಳ್ಳಿ. ಸೈಕಲ್ ಶಾಪಿನಿಂದ ನಾಲ್ಕು ಸಣ್ಣ ಬೇರಿಂಗ್ ಗುಂಡು ತನ್ನಿ. ಗುಂಡು ಸ್ಟ್ರಾ ಒಳಗೆ ಸಲೀಸಾಗಿ ಉರುಳಬೇಕು, ಹಾಗಾಗಿ ಅಂಗಡಿಗೆ ಸ್ಟ್ರಾ ಹಿಡಿದುಕೊಂಡೇ ಹೋಗಿ.

ಹಾಳೆಯಲ್ಲಿ ಚೂಪು ಮೂತಿಯ ವಿಮಾನ ಮಡಚಿ. ಸ್ಟ್ರಾದ ಒಂದು ತುದಿಯನ್ನು ಟೇಪಿನಿಂದ ಮುಚ್ಚಿ, ಆ ತುದಿ ಮೂತಿಯ ಕಡೆ ಬರುವಂತೆ ಹೊಟ್ಟೆಯ ಮಡಿಕೆಯೊಳಗೆ ಉದ್ದಕ್ಕೆ ಅಂಟಿಸಿ. ಹಿಂದಿನಿಂದ ಗುಂಡುಗಳನ್ನು ಬಿಡಿ. ಅವು ಮೂತಿಯ ತನಕ ಹೋದ ಮೇಲೆ ಕಡ್ಡಿಯಿಂದ ಹತ್ತಿ ತುರುಕಿ, ಅಲ್ಲಾಡದಂತೆ ಮಾಡಿ. ಹಿಂಬದಿಗೂ ಟೇಪ್ ಹಾಕಿ. ಹೊರಗೆ ಹಾರಿಸಬೇಡಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮದು, ಹಾಳೆಯ ವಿಮಾನ ಯಾವ ಲೆಕ್ಕ! ಶಾಲೆಯ ವರಾಂಡ ಸಾಕು. ವಿಮಾನ ನೆಟ್ಟಗೆ ಹೋಗುತ್ತದೆ.

ಈಗ ಹತ್ತಿ ತೆಗೆದು, ಹಿಂಬದಿಗೆ ಮತ್ತೆ ಟೇಪ್ ಹಾಕಿ ಎಸೆಯಿರಿ. ಕೈ ವಿಮಾನವನ್ನು ಮುಂದಕ್ಕೆ ತಳ್ಳುತ್ತಿದ್ದಂತೆ ಗುಂಡು ಬಾಲದ ಕಡೆ ಓಡುತ್ತವೆ. ಮೂತಿ ಮೇಲೇಳುತ್ತದೆ, ವೇಗ ಸಾಯುತ್ತದೆ, ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ವಿಮಾನ ಧೊಪ್ಪನೆ ಬೀಳುತ್ತದೆ. ತೂಕ ಒಂದು ಗ್ರಾಮೂ ಹೆಚ್ಚಾಗಿಲ್ಲ, ಜಾಗ ಮಾತ್ರ ಬದಲಾಗಿದೆ.

ನಿಜವಾದ ವಿಮಾನದಲ್ಲೂ ಇಷ್ಟೇ. ಒಟ್ಟು ತೂಕದ ನಡುಬಿಂದು ಒಂದು ಚಿಕ್ಕ ಮಿತಿಯೊಳಗೇ ಇರಬೇಕು. ಅದು ತೀರಾ ಹಿಂದೆ ಸರಿದರೆ ಮೂತಿ ಏಳುತ್ತದೆ. ಮೂತಿ ಎದ್ದಷ್ಟೂ ನೆಲ ಇಳಿಜಾರಾಗಿ, ಬಿಡಿಯಾದ ಸರಕು ಇನ್ನಷ್ಟು ಹಿಂದೆ ಜಾರುತ್ತದೆ. ಟೇಕಾಫ್ ಹೊತ್ತಿನಲ್ಲಿ ಅಪಾಯ ಹೆಚ್ಚಾಗುವುದು ಇದಕ್ಕೇ.

2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಂನಲ್ಲಿ ಬೋಯಿಂಗ್ 747 ಸರಕು ವಿಮಾನ ಹೀಗೆಯೇ ಮೂತಿ ಎತ್ತಿ ಬಿತ್ತು. ಏಳು ಸಿಬ್ಬಂದಿ ಸತ್ತರು. ಒಳಗೆ ಐದು ಸೇನಾ ವಾಹನಗಳಿದ್ದವು, ದೊಡ್ಡವು ತಲಾ 18 ಟನ್. ಆ ಅಪಘಾತದ ವಿಡಿಯೊ ನೋಡಿದವರು ಭಾರ ಹಿಂದೆ ಸರಿದದ್ದಷ್ಟೇ ಕಾರಣ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಸಾರಿಗೆ ಅಪಘಾತಗಳನ್ನು ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿಯ ತನಿಖೆಯಲ್ಲಿ ಸಿಕ್ಕಿದ್ದು ಇನ್ನೂ ಭಯಂಕರ. ಕಟ್ಟು ಬಿಚ್ಚಿಕೊಂಡ ವಾಹನ ಹಿಂದಿನ ಗೋಡೆ ದಾಟಿ ನುಗ್ಗಿ, ಹೈಡ್ರಾಲಿಕ್ ಪೈಪುಗಳನ್ನೂ (ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಆಡಿಸುವ ಪೈಪು) ಬಾಲದ ರೆಕ್ಕೆಯನ್ನು ಆಡಿಸುವ ಯಂತ್ರವನ್ನೂ ಮುರಿದಿತ್ತು. ಪೈಲಟ್ ಏನು ಮಾಡಿದರೂ ಮೂತಿ ಇಳಿಸುವಂತಿರಲಿಲ್ಲ. ಬಗ್ರಾಂಗೆ ಬರುವ ದಾರಿಯಲ್ಲೇ ವಾಹನ ಬಿಗಿದಿದ್ದ ಒಂದು ಪಟ್ಟಿ ಹರಿದಿತ್ತು. ಅದರ ಬಗ್ಗೆ ಸಿಬ್ಬಂದಿ ಮಾತಾಡಿದ್ದು ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿದೆ. ಎಚ್ಚರಿಕೆ ಸಿಕ್ಕಿತ್ತು, ಅಲ್ವಾ? ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಪಟ್ಟಿ ಸಾಲದೇ ಹೋದದ್ದು ಹೇಗೆ? ಎಷ್ಟು ಪಟ್ಟಿ ಅನ್ನುವುದರ ಜೊತೆ ಯಾವ ಓರೆಯಲ್ಲಿ ಅನ್ನುವುದನ್ನೂ ಲೆಕ್ಕ ಹಾಕಬೇಕು. ಪಟ್ಟಿ ನೆಲಕ್ಕೆ 60 ಡಿಗ್ರಿ ಓರೆಯಾಗಿದ್ದರೆ, ಸರಕು ಹಿಂದೆ ಜಾರುವುದನ್ನು ತಡೆಯೋಕೆ ಅದರ ಬಲದಲ್ಲಿ ಅರ್ಧಕ್ಕಿಂತ ಜಾಸ್ತಿ ಒದಗುವುದಿಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲಾರಿಗೆ ಹಗ್ಗ ಬಿಗಿಯುವ ಹಮಾಲರನ್ನು ಕೇಳಿ, ಹಗ್ಗ ಎಳೆಯುವ ದಿಕ್ಕು ಎಷ್ಟು ಮುಖ್ಯ ಅಂತ ಹೇಳುತ್ತಾರೆ. ಬಗ್ರಾಂನ 18 ಟನ್ ವಾಹನಕ್ಕೆ ಕನಿಷ್ಠ 60 ಪಟ್ಟಿ ಬೇಕಿತ್ತು. ಹಾಕಿದ್ದು ಅದರ ಅರ್ಧಕ್ಕಿಂತ ಕಡಿಮೆ.

ಕೊನೆಯದಾಗಿ ಒಂದು ಪ್ರಯೋಗ. ಗುಂಡುಗಳ ಎರಡೂ ಬದಿಗೆ ಹತ್ತಿ ತುರುಕಿ, ಒಂದೊಂದು ಸೆಂಟಿಮೀಟರ್ ಹಿಂದೆ ಸರಿಸುತ್ತಾ ಎಸೆಯಿರಿ. ಯಾವ ಜಾಗದಿಂದ ವಿಮಾನ ಕೆಡುತ್ತದೋ ಅಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಅದೇ ನಿಮ್ಮ ವಿಮಾನದ ಹಿಂಬದಿಯ ಮಿತಿ. ಮುಗಿದ ಮೇಲೆ ಗುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಾಯಿಗೆ ಹಾಕಿಕೊಂಡುಬಿಡುತ್ತವೆ.